ಆಳೆತ್ತರದ ಈರುಳ್ಳಿ ಹೂವು

ಹೊಲದಲ್ಲಿ ಬಿಟ್ಟ ಈರುಳ್ಳಿಯ ನಡುವಿನಿಂದ ದಂಟು ಎದ್ದು, ಅದರ ತುದಿಯಲ್ಲಿ ಬಿಳಿ ಹೂವಿನ ಉಂಡೆ ಕೂತಿರುವುದನ್ನು ನೀವು ನೋಡಿರಬಹುದು. ಆ ಉಂಡೆಗೆ ನೇರಳೆ ಬಣ್ಣ ಬಳಿದು, ಎರಡೂ ಅಂಗೈಗಳಲ್ಲಿ ಹಿಡಿಯುವಷ್ಟು ದೊಡ್ಡದು ಮಾಡಿ, ಎದೆಮಟ್ಟದ ದಂಟಿನ ಮೇಲೆ ನಿಲ್ಲಿಸಿದರೆ ಹೇಗಿರುತ್ತದೋ, ಆಲಂಕಾರಿಕ ಆಲಿಯಂ ಹಾಗಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳದ್ದೇ ಕುಲ. ಎಲೆ ಹಿಸುಕಿದರೆ ಬರುವ ವಾಸನೆಯೇ ಅದಕ್ಕೆ ಸಾಕ್ಷಿ.

ಬೆಳೆಸುವುದು ಕಷ್ಟವಲ್ಲ. ಆದರೆ ಅತಿಯಾಗಿ ಉಪಚರಿಸುವ ಕೈಗೆ ಇದು ಒಗ್ಗುವುದಿಲ್ಲ.

ಯಾವುದನ್ನು ಕೊಳ್ಳಬೇಕು?

ಎತ್ತರವೇ ಬೇಕೆಂದರೆ ಮಧ್ಯ ಏಷ್ಯಾ ಮೂಲದ ‘ಆಲಿಯಂ ಜೈಗ್ಯಾಂಟಿಯಂ’. ದಂಟು 4ರಿಂದ 6 ಅಡಿ ಏರುತ್ತದೆ. ‘ಗ್ಲೋಬ್‌ಮಾಸ್ಟರ್’ ಸುಮಾರು 3 ಅಡಿಗೇ ನಿಲ್ಲುತ್ತದೆ, ಆದರೆ ಉಂಡೆ ಅದಕ್ಕಿಂತ ದಪ್ಪ. ಇದು ಬೀಜ ಕಟ್ಟದ ಮಿಶ್ರತಳಿಯಾದ್ದರಿಂದ ಹೂವು ಬಹಳ ದಿನ ಉಳಿಯುತ್ತದೆ. ಬಿಳಿ ಬೇಕಾದವರಿಗೆ ‘ಮೌಂಟ್ ಎವರೆಸ್ಟ್’ ಇದೆ. ಮೊದಲ ಸಲ ನೆಡುವವರಿಗೆ ನನ್ನ ಸಲಹೆ ‘ಪರ್ಪಲ್ ಸೆನ್ಸೇಶನ್’: ಎರಡೂವರೆ ಅಡಿಯ ಆಸುಪಾಸಿನದು, ಗಡ್ಡೆ ಅಗ್ಗ, ಒಂದೆರಡು ಕೆಟ್ಟರೂ ಹೊಟ್ಟೆ ಉರಿಯುವುದಿಲ್ಲ.

ಗಡ್ಡೆಯನ್ನು ಕೈಗೆತ್ತಿಕೊಂಡು ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿರಬೇಕು. ಬೆರಳು ಒಳಗಿಳಿದರೆ ಅಥವಾ ನೀಲಿ ಬೂಸ್ಟು ಕಂಡರೆ ಅಲ್ಲೇ ಬಿಟ್ಟುಬಿಡಿ. ಹೊರಗಿನ ಒಣ ಸಿಪ್ಪೆ ಕಳಚಿದ್ದರೆ ಚಿಂತೆಯಿಲ್ಲ.

ನೆಡುವುದು

ಚಳಿಗಾಲ ಕಾಲಿಡುವ ಮುನ್ನ, ನೆಲ ತಂಪಾಗುತ್ತಿರುವಾಗ ನೆಡಬೇಕು. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳುವ ಜಾಗ ಆರಿಸಿ. ನೆರಳಿನಲ್ಲಿ ದಂಟು ಬೆಳಕನ್ನು ಅರಸಿ ವಾಲುತ್ತದೆ. ಗುಣಿಯ ಆಳ ಗಡ್ಡೆಯ ಎತ್ತರದ ಮೂರು ಪಟ್ಟು, ಅಂದರೆ ದೊಡ್ಡ ಗಡ್ಡೆಗೆ 6ರಿಂದ 8 ಅಂಗುಲ. ಆಳ ಕಡಿಮೆಯಾದರೆ ಮೇಲೆ ಹೂವಿನ ಭಾರ ಹೊತ್ತ ದಂಟಿಗೆ ಬುಡದ ಹಿಡಿತ ಸಾಲುವುದಿಲ್ಲ. ಚೂಪು ತುದಿ ಮೇಲಕ್ಕಿರಲಿ, ಗಡ್ಡೆಗಳ ನಡುವೆ ಒಂದಡಿ ಅಂತರವಿರಲಿ. ಒಂಟಿಯಾಗಿ ನೆಟ್ಟರೆ ಕಂಬ ನಿಂತಂತೆ ಕಾಣುತ್ತದೆ. ಐದೋ ಏಳೋ ಗುಂಪಾಗಿ ನೆಟ್ಟರೆ ಚೆಂದ.

ಮಣ್ಣಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಈ ಗಡ್ಡೆ ಚಳಿಗೆ ಸಾಯುವುದಿಲ್ಲ, ನಿಂತ ನೀರಿಗೆ ಸಾಯುತ್ತದೆ. ಜಿಗುಟು ಮಣ್ಣಾದರೆ ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿ, ಪಾತಿಯನ್ನು ನೆಲಮಟ್ಟಕ್ಕಿಂತ ಅರ್ಧ ಅಡಿ ಏರಿಸಿ. ಒಮ್ಮೆ ನಾನು ಹೂವು ಮುಗಿದ ಮೇಲೂ ಅಕ್ಕಪಕ್ಕದ ಗಿಡಗಳ ಜತೆ ಇದಕ್ಕೂ ದಿನವೂ ನೀರು ಹನಿಸಿದ್ದೆ. ಮರುವರ್ಷ ಮೊಳಕೆ ಕಾಣದೆ ಅಗೆದು ನೋಡಿದರೆ ಸಿಪ್ಪೆ ಮಾತ್ರ ಗಡ್ಡೆಯ ಆಕಾರದಲ್ಲಿತ್ತು, ಒಳಗೆಲ್ಲ ನಾರುವ ಗಂಜಿ. ಎಲೆ ಬೆಳೆಯುವಾಗ ನೀರು ಕೊಡಿ, ಒಣಗಿದ ಮೇಲೆ ಮರೆತುಬಿಡಿ.

ಹೂದಂಟು ಹೊರಡಲು ಗಡ್ಡೆಗೆ ಕೆಲವು ವಾರಗಳ ಚಳಿ ತಗುಲಲೇಬೇಕು. ಚಳಿಯೇ ಇಲ್ಲದ ಕಡೆ ಇರುವವರು ನೆಡುವ ಮುನ್ನ ಗಡ್ಡೆಗಳನ್ನು ಕಾಗದದ ಚೀಲದಲ್ಲಿಟ್ಟು 8ರಿಂದ 12 ವಾರ ಫ್ರಿಜ್‌ನಲ್ಲಿಡಬೇಕು. ಫ್ರೀಜರ್‌ನಲ್ಲಿ ಅಲ್ಲ. ಸೇಬಿನಂಥ ಹಣ್ಣುಗಳ ಪಕ್ಕದಲ್ಲೂ ಅಲ್ಲ, ಏಕೆಂದರೆ ಹಣ್ಣು ಬಿಡುವ ಎಥಿಲೀನ್ ಅನಿಲ ಒಳಗಿನ ಎಳೆ ಮೊಗ್ಗನ್ನು ಸಾಯಿಸಬಲ್ಲದು. ಇಷ್ಟು ಮಾಡಿದರೂ ಅಂಥ ಕಡೆ ಇದನ್ನು ಒಂದೇ ವರ್ಷದ ಹೂವೆಂದು ಭಾವಿಸುವುದು ಒಳಿತು.

ಎಲೆಯನ್ನು ಮುಟ್ಟಬೇಡಿ

ಚಳಿ ಇಳಿಯುತ್ತಲೇ ಪಟ್ಟಿಯಂಥ ಅಗಲ ಎಲೆಗಳು ಬರುತ್ತವೆ, ಆಮೇಲೆ ದಂಟು. ಅದರ ತುದಿಯ ಮೊಗ್ಗಿಗೆ ಕಾಗದದಷ್ಟು ತೆಳು ಪೊರೆ, ಮೇಲೊಂದು ಕೊಕ್ಕು. ಒಂದು ಬೆಳಗ್ಗೆ ಆ ಪೊರೆ ಪಕ್ಕದಲ್ಲಿ ಸೀಳಿ, ಒತ್ತಿ ತುಂಬಿದ ಹಸಿರು ಮಣಿಗಳು ಇಣುಕುತ್ತವೆ. ಮುಂದಿನ ದಿನಗಳಲ್ಲಿ ಮಣಿಗಳ ತೊಟ್ಟು ಉದ್ದವಾಗಿ, ಒಂದೊಂದೂ ಆರೆಸಳಿನ ನಕ್ಷತ್ರವಾಗಿ ಬಿರಿದು ಉಂಡೆ ಗುಂಡಗಾಗುತ್ತದೆ. ಜೇನ್ನೊಣಗಳು ಆಗಲೇ ಹಾಜರು.

ಅದೇ ಹೊತ್ತಿಗೆ ಬುಡದಲ್ಲಿ ಎಲೆಗಳು ಹಳದಿಯಾಗಿ, ಕಂದಿ, ನೆಲಕ್ಕೆ ಬಿದ್ದಿರುತ್ತವೆ. ಹೊಸಬರು ಹೆದರಿ ಔಷಧಿ ಸಿಂಪಡಿಸುವುದು, ಇಲ್ಲವೇ ಅಸಹ್ಯವೆಂದು ಕತ್ತರಿಸುವುದು ಇಲ್ಲೇ. ಇದು ರೋಗವಲ್ಲ, ಗಿಡದ ಸ್ವಭಾವ. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರ ಈ ಎಲೆಗಳಿಂದಲೇ ಗಡ್ಡೆಗಿಳಿಯುತ್ತದೆ. ಪೂರ್ತಿ ಒಣಗಿ, ಎಳೆದರೆ ತಾನಾಗಿ ಕೈಗೆ ಬರುವವರೆಗೆ ಬಿಡಿ. ನೋಡಲು ಕಷ್ಟವೆನಿಸಿದರೆ ಮುಂದುಗಡೆ ಮೊಣಕಾಲೆತ್ತರದ ಜೆರೇನಿಯಂ ಅಥವಾ ಅಲಂಕಾರದ ಹುಲ್ಲು ನೆಟ್ಟುಕೊಳ್ಳಿ. ನೇರಳೆ ಉಂಡೆಗಳು ಆ ಹಸಿರಿನ ಮೇಲೆ ತೇಲುವಂತೆ ಕಾಣುತ್ತವೆ, ಬುಡದ ಬಡತನ ಮುಚ್ಚಿಹೋಗುತ್ತದೆ.

ಸಾರಜನಕ ಹೆಚ್ಚಿರುವ ಗೊಬ್ಬರ ಬೇಡ. ಎಲೆ ಕೊಬ್ಬಿ, ದಂಟು ಮೆತ್ತಗಾಗುತ್ತದೆ. ಮೊಲ, ಜಿಂಕೆಗಳು ವಾಸನೆಗೇ ದೂರ ಸರಿಯುತ್ತವೆ. ಆದರೆ ನಾಯಿ, ಬೆಕ್ಕುಗಳಿಗೆ ಈ ಕುಲದ ಗಿಡಗಳೆಲ್ಲ ವಿಷ. ಮಣ್ಣು ಕೆದಕುವ ನಾಯಿಯಿದ್ದರೆ ಪಾತಿಗೆ ಬೇಲಿ ಹಾಕಿ.

ಹೂವು ಮುಗಿದ ಮೇಲೂ ಒಣ ಉಂಡೆ ವಾರಗಟ್ಟಲೆ ನಿಲ್ಲುತ್ತದೆ, ಕೊಯ್ದು ಹೂದಾನಿಯಲ್ಲಿಡಬಹುದು. ‘ಪರ್ಪಲ್ ಸೆನ್ಸೇಶನ್’ ಆದರೆ ಕಪ್ಪು ಬೀಜ ಉದುರುವ ಮೊದಲೇ ಕೊಯ್ಯಿರಿ. ತಡಮಾಡಿದರೆ ಮರುವರ್ಷ ಪಾತಿಯ ತುಂಬ ಹುಲ್ಲಿನಂಥ ಸಸಿಗಳು. ಅವುಗಳಲ್ಲಿ ಹೂವು ನೋಡಲು ಹಲವು ವರ್ಷ ಕಾಯಬೇಕು, ಬಣ್ಣವೂ ತಾಯಿಗಿಡದ್ದೇ ಆಗಿರುತ್ತದೆಂಬ ಖಾತರಿಯಿಲ್ಲ.