ಒಂದೇ ರೆಕ್ಕೆಯ ಜಿರ್ಕೋನಿಯಾ ಬ್ರಿಡ್ಜ್: ಮೂರು ಸಲ ಕಳಚಿತು, ನಾಲ್ಕನೇ ಸಲ ನಿಂತಿತು

"ಜಿರ್ಕೋನಿಯಾ ಎಲ್ಲಾದರೂ ಅಂಟುತ್ತಾ? ಸುಮ್ನೆ ಯಾಕೆ ಕೈ ಸುಟ್ಟುಕೊಳ್ತೀಯ?" ಕ್ಲಿನಿಕ್ಕಿನಲ್ಲಿ ಪಕ್ಕದ ಚೇರಿನ ಡೆಂಟಿಸ್ಟ್ ಸ್ನೇಹಿತ ಮೊದಲ ದಿನವೇ ಹೇಳಿದ್ದ. ಮೇಲಿನ ಲ್ಯಾಟರಲ್, ಅಂದರೆ ಮುಂದಿನ ದೊಡ್ಡ ಹಲ್ಲಿನ ಪಕ್ಕದ ಹಲ್ಲು, ಇಲ್ಲದ ಕೇಸು. ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್‌ನ ಕೃತಕ ಹಲ್ಲನ್ನು ಒಂದು ತೆಳು ರೆಕ್ಕೆಯಿಂದ ಪಕ್ಕದ ಒಂದೇ ಹಲ್ಲಿನ ಹಿಂಬದಿಗೆ ಅಂಟಿಸಬೇಕಿತ್ತು. ಜರ್ಮನಿಯ ದಂತವೈದ್ಯ ಮಥಿಯಾಸ್ ಕೆರ್ನ್ ಅವರ ಒಂದೇ ರೆಕ್ಕೆಯ ಬ್ರಿಡ್ಜ್‌ಗಳು ವರ್ಷಗಟ್ಟಲೆ ನಿಂತಿವೆ, ನನ್ನದೇಕೆ ನಿಲ್ಲಬಾರದು ಅಂದುಕೊಂಡೆ. ಹತ್ತು ಹನ್ನೊಂದು ದಿನಕ್ಕೆ ಪೇಷೆಂಟ್ ಅದನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ತಂದು ಟೇಬಲ್ ಮೇಲಿಟ್ಟರು.

ಮತ್ತೆ ಅಂಟಿಸಿದೆ, ಒಂದೂವರೆ ತಿಂಗಳು ಬಾಳಿತು. ಮೂರನೇ ಸಲ ಹೊಸದನ್ನೇ ಮಾಡಿಸಿದೆ. ಲ್ಯಾಬ್ ಬಿಲ್ ನನ್ನ ಜೇಬಿನಿಂದ, ಚೇರ್ ಟೈಮ್ ಪುಕ್ಕಟೆ. ಅದೂ ಬಿತ್ತು. ಆ ವರ್ಷದ ರೀಮೇಕ್‌ಗಳ ಖರ್ಚೆಲ್ಲ ಕೂಡಿಸಿದ್ದರೆ ಒಂದು ಒಳ್ಳೆಯ ಸ್ಯಾಂಡ್‌ಬ್ಲಾಸ್ಟರ್ (ಗಾಳಿಯ ಒತ್ತಡದಲ್ಲಿ ಸಣ್ಣ ಪುಡಿ ಚಿಮ್ಮಿಸಿ ಮೈಯನ್ನು ಒರಟಾಗಿಸುವ ಯಂತ್ರ) ಬರುತ್ತಿತ್ತು.

ಮೂರು ಸಲವೂ ಸಿಮೆಂಟೆಲ್ಲ ಹಲ್ಲಿನ ಎನಾಮೆಲ್ ಮೇಲೆಯೇ ಕೂತಿತ್ತು. ರೆಕ್ಕೆಯ ಒಳಮೈ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಅಂದರೆ ತಪ್ಪು ಹಲ್ಲಿನ ಕಡೆ ಇರಲಿಲ್ಲ.

ಮೊದಲ ತಪ್ಪು ಕೈಯ ಅಭ್ಯಾಸದ್ದು. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನಂಥ ಸೆರಾಮಿಕ್‌ನ ವೆನೀರ್ (ಹಲ್ಲಿನ ಮುಂಬದಿಯ ತೆಳು ಹೊದಿಕೆ) ಅಂಟಿಸಿ ಅಂಟಿಸಿ, ಟ್ರೈ-ಇನ್ (ಬಾಯಲ್ಲಿಟ್ಟು ಕೂರುತ್ತದೆಯೇ ನೋಡುವುದು) ಮುಗಿದ ಕೂಡಲೇ ಫಾಸ್ಫಾರಿಕ್ ಆಸಿಡ್ ಸಿರಿಂಜ್‌ಗೆ ಕೈ ಹೋಗುತ್ತದೆ. ಅಲ್ಲಿ ಅದು ನಡೆಯುತ್ತದೆ. ಗಾಜನ್ನು ಕೊರೆಯುವ 5% ಎಚ್‌ಎಫ್ (ಹೈಡ್ರೋಫ್ಲೋರಿಕ್ ಆಸಿಡ್) 20 ಸೆಕೆಂಡು, ಗಾಜನ್ನು ರೆಸಿನ್‌ಗೆ ಬೆಸೆಯುವ ಸೈಲೇನ್, ಮುಗಿಯಿತು. ಜಿರ್ಕೋನಿಯಾದಲ್ಲಿ ಕೊರೆಯಲು ಗಾಜೇ ಇಲ್ಲ. ಮೇಲಾಗಿ ಎಂಡಿಪಿ, ಅಂದರೆ ಜಿರ್ಕೋನಿಯಾವನ್ನು ಸಿಮೆಂಟಿಗೆ ಬೆಸೆಯುವ ರಾಸಾಯನಿಕ, ಕೂರಬೇಕಾದ ಜಾಗದಲ್ಲಿ ಆಸಿಡ್‌ನ ಫಾಸ್ಫೇಟ್ ಮೊದಲೇ ಹೋಗಿ ಸೀಟು ಹಿಡಿದಿರುತ್ತದೆ. ಜೊಲ್ಲಿನದ್ದೂ ಅದೇ ಕಥೆ.

ಎರಡನೆಯದು, "ನಾವೇ ಬ್ಲಾಸ್ಟ್ ಮಾಡಿ ಕಳಿಸಿದ್ದೇವೆ" ಎಂಬ ಲ್ಯಾಬ್ ಮಾತು ನಂಬಿದ್ದು. ಟ್ರೈ-ಇನ್‌ಗೆ ಮುಂಚಿನ ಬ್ಲಾಸ್ಟಿಂಗ್ ಜೊಲ್ಲು ತಾಗಿದ ಮೇಲೆ ಯಾವ ಲೆಕ್ಕಕ್ಕೆ?

ಮೂರನೆಯದು ನನಗೇ ನಗು ತರಿಸಿದ್ದು. ಆಗ ನಾನೇ ಬ್ಲಾಸ್ಟ್ ಮಾಡಿದ್ದೆ. ಹಾಗಾದರೆ ಯಾಕೆ ಬಿತ್ತು? ಒಂದು ಸಂಜೆ ಗಾಳಿಯ ಪೈಪನ್ನು ಗ್ಲಾಸ್ ಸ್ಲ್ಯಾಬಿಗೆ ಹಿಡಿದು ಒಂದು ನಿಮಿಷ ಊದಿಸಿದೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗೆ ನಿಂತಿತು. ಕಂಪ್ರೆಸರ್ ಎಣ್ಣೆ! ಫಿಲ್ಟರ್ ಬದಲಿಸಿದೆ, ಹನಿ ಹರಡಿತು. ಈಗ ಪ್ರತಿ ಕೇಸಿಗೂ ಮುಂಚೆ ಈ ಹನಿ ನೋಡುತ್ತೇನೆ.

ಈಗ ಮಾಡುವುದು ಇಷ್ಟೇ. ಟ್ರೈ-ಇನ್ ಆದ ಮೇಲೆ ಒಳಮೈಗೆ ಮಾರ್ಕರ್ ಪೆನ್ ಬಳಿಯುತ್ತೇನೆ. 50 ಮೈಕ್ರಾನ್ ಅಲ್ಯೂಮಿನಾ, ಒಂದೂವರೆ ಎರಡು ಬಾರ್, ಸುಮಾರು ಒಂದು ಸೆಂಟಿಮೀಟರ್ ದೂರದಿಂದ. ಮಸಿ ಪೂರ್ತಿ ಹೋಗುವವರೆಗೆ. ರೆಕ್ಕೆ ಕನೆಕ್ಟರ್‌ಗೆ (ಕೃತಕ ಹಲ್ಲಿಗೆ ಜೋಡಿಸುವ ಭಾಗ) ಸೇರುವ ಮೂಲೆಯಲ್ಲಿ ಯಾವಾಗಲೂ ಒಂದು ಗೆರೆ ಉಳಿದಿರುತ್ತದೆ, ನೋಡಿ. ಆಮೇಲೆ ಆಲ್ಕೋಹಾಲ್‌ನಲ್ಲಿಟ್ಟು ಅಲ್ಟ್ರಾಸೋನಿಕ್ ಕಂಪನದಿಂದ ತೊಳೆಯುವುದು, ಎಂಡಿಪಿ ಪ್ರೈಮರ್, ರೆಸಿನ್ ಸಿಮೆಂಟ್. ರಬ್ಬರ್ ಡ್ಯಾಮ್ (ಜೊಲ್ಲು ತಾಗದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಬಗ್ಗೆ ನಿಮಗೆ ಹೇಳಬೇಕಾಗಿಲ್ಲ ಅಲ್ವಾ?

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಹಾಳಾದ ಕ್ರೌನ್‌ಗಳನ್ನು ಚಪ್ಪಟೆಯಾಗಿ ಉಜ್ಜಿ ಜೋಡಿ ಜೋಡಿಯಾಗಿ ಅಂಟಿಸಿ, ಎರಡು ವಾರ ಬಿಸಿನೀರು, ತಣ್ಣೀರು ಅಂತ ಮುಳುಗಿಸಿದೆ. ಆಸಿಡ್ ತಾಗಿಸಿದ ಜೋಡಿಗಳು ಇಕ್ಕಳದ ಒಂದೇ ತಿರುವಿಗೆ ಬಿಟ್ಟವು. ಬರೀ ಸೈಲೇನ್ ಹಾಕಿದ್ದೂ ಅಷ್ಟೇ. ಬ್ಲಾಸ್ಟ್ ಮಾಡಿ ಎಂಡಿಪಿ ಹಚ್ಚಿದ್ದರಲ್ಲಿ ಇಕ್ಕಳವೇ ಜಾರಿತು. ನಾಲ್ಕು ಬಾರ್ ಒತ್ತಡವನ್ನೂ ನೋಡಿದೆ. ಹಿಡಿತ ಜಾಸ್ತಿಯಾದಂತೆ ಕಾಣಲಿಲ್ಲ, ತೆಳು ಅಂಚು ಚಕ್ಕೆ ಎದ್ದಿದ್ದೇ ಲಾಭ.

ನಾಲ್ಕು ವರ್ಷದಲ್ಲಿ ಮೂವತ್ತರ ಹತ್ತಿರ ಮಾಡಿರಬೇಕು. ಬಿದ್ದದ್ದು ಒಂದು, ಅದೂ ಬೈಕಿನಿಂದ ಬಿದ್ದವರದ್ದು. ಮೊದಲ ಪೇಷೆಂಟ್ ಈಗ ಸ್ಕೇಲಿಂಗ್‌ಗೆ ಮಾತ್ರ ಬರುತ್ತಾರೆ.

ಕೂರಿಸುವಾಗ ರೆಕ್ಕೆ ಕೂದಲೆಳೆಯಷ್ಟೂ ಅಲುಗದಂತೆ ಹಿಡಿಯಲು ಒಂದು ಜಿಗ್ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಚೇರಿನ ಸ್ನೇಹಿತ ಹೋದ ವಾರದಿಂದ ಅದನ್ನೇ ಕೇಳುತ್ತಿದ್ದಾನೆ. ಅವನಿಗೂ ಹೇಳಿಲ್ಲ.