ಹಾಲು ಮೊಸರು ಪಾತ್ರೆಗಲ್ಲ, ತಟ್ಟೆಗೆ: ಮನೆಮಂದಿಗೆಲ್ಲ ಒಂದೇ ರಾತ್ರಿಯೂಟ

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಕೂರುವವರು ಐದು ಜನ. ಅತ್ತೆಯವರಿಗೆ ಕೊನೆಯಲ್ಲಿ ಮೊಸರನ್ನ ಬೇಕೇ ಬೇಕು, ಯಜಮಾನರಿಗೆ ಬಿಸಿ ಮುದ್ದೆಯ ಜೊತೆ ತುಪ್ಪ ಬೇಕು, ಮಗನಿಗೆ ಸೊಪ್ಪೆಂದರೆ ಅಷ್ಟಕ್ಕಷ್ಟೆ. ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಗಲೇ ವೀಗನ್ ಆದವಳು. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ನಾವು ಮೊದಲಿನಿಂದಲೂ ಸಸ್ಯಾಹಾರಿಗಳೇ ಆದರೂ, ತಿಪಟೂರಿನ ಕಡೆಯ ನಮ್ಮ ಮನೆಗಳಲ್ಲಿ ಹಾಲು ಮೊಸರಿಗೆ ಇರುವ ಸ್ಥಾನ ಎಂಥದೆಂಬುದು ಆ ಕಡೆಯವರಿಗೆಲ್ಲ ಗೊತ್ತು. ಆಕೆ ಓದು ಮುಗಿಸಿ ಮೈಸೂರಿನ ನಮ್ಮ ಮನೆಗೆ ಹಿಂದಿರುಗಿದಾಗ ಅತ್ತೆಯವರು, "ಮೊಸರಿಲ್ಲದ ಊಟ ಅದೆಂಥ ಊಟವಮ್ಮ, ಮಗು ಸೊರಗಿ ಹೋಗುತ್ತಲ್ಲ" ಎಂದು ನಿಜವಾದ ಕಳವಳದಿಂದಲೇ ಹೇಳಿದ್ದರು. ಕೆಲಸ ಮುಗಿಸಿ ಸಂಜೆ ಮನೆಗೆ ಬರುವ ನನಗೆ ಎರಡು ಬಗೆಯ ಅಡುಗೆ ಮಾಡುವಷ್ಟು ಹೊತ್ತು ಸಿಗುವುದಿಲ್ಲ. ಸಿಕ್ಕಿದ್ದರೂ ಮಗಳಿಗೆ ಬೇರೆ ಪಾತ್ರೆ, ಬೇರೆ ಸಾರು ಎಂದು ವಿಂಗಡಿಸುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿರಲಿಲ್ಲ.

ಮೊದಲು ನಾನು ಮಾಡಿದ ಕೆಲಸವೆಂದರೆ ನಮ್ಮ ರಾತ್ರಿಯ ಅಡುಗೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾವುದರಲ್ಲಿ ಹಾಲಿನ ಪದಾರ್ಥ ಎಲ್ಲಿ ಸೇರುತ್ತದೆ ಎಂದು ಗುರುತು ಹಾಕಿದ್ದು. ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರು, ಹುರುಳಿಕಾಳಿನ ಸಾರು, ಹಿತಕಿದ ಬೇಳೆ ಸಾರು, ಬೇಳೆಹುಳಿ, ಬೆಂಡೆಕಾಯಿ ಗೊಜ್ಜು, ಹಾಗಲಕಾಯಿ ಗೊಜ್ಜು, ಎಣ್ಣೆಗಾಯಿ, ಅಕ್ಕಿ ರೊಟ್ಟಿ, ರಾಗಿ ರೊಟ್ಟಿ, ಮುದ್ದೆ, ಅನ್ನ ಇವುಗಳಲ್ಲಿ ಯಾವುದಕ್ಕೂ ಹಾಲಿನ ಅಂಶ ಹುಟ್ಟಿನಿಂದಲೇ ಬೇಕಿಲ್ಲ. ಅದು ಒಳಬರುವುದು ಒಗ್ಗರಣೆಯ ತುಪ್ಪದಲ್ಲಿ, ಊಟದ ಕೊನೆಯ ಮೊಸರು ಮಜ್ಜಿಗೆಯಲ್ಲಿ, ಅಪರೂಪಕ್ಕೆ ಮಾಡುವ ಪಾಯಸದಲ್ಲಿ. ಹೀಗೆ ಕಣ್ಣಿಗೆ ಕಾಣುವಂತೆ ಬರೆದುಕೊಂಡ ಮೇಲೆ ಒಂದೇ ಒಂದು ನಿಯಮ ಸಾಕಾಯಿತು: ಹಾಲಿನ ಪದಾರ್ಥ ಒಲೆಯ ಮೇಲಿನ ಪಾತ್ರೆಗೆ ಹೋಗುವುದಿಲ್ಲ, ಬೇಕಾದವರ ತಟ್ಟೆಗೆ ಮಾತ್ರ ಹೋಗುತ್ತದೆ. ತುಪ್ಪದ ಗಿಂಡಿಯೂ ಮೊಸರಿನ ಪಾತ್ರೆಯೂ ಬಡಿಸುವ ಜಾಗದಲ್ಲಿರುತ್ತವೆ, ಅವುಗಳ ಸೌಟುಗಳೂ ಬೇರೆಯಾಗಿಯೇ ಇರುತ್ತವೆ. ಈ ನಿಯಮದಿಂದ ಯಾರಿಗೂ ಏನೂ ಕಡಿಮೆಯಾಗಲಿಲ್ಲ.

ನಮ್ಮ ಮನೆಯ ರಾತ್ರಿಯೂಟದ ಆಧಾರಸ್ತಂಭ ಬಸ್ಸಾರು. ಒಂದೇ ಬೇಯಿಸುವಿಕೆಯಲ್ಲಿ ಸಾರು, ಪಲ್ಯ ಎರಡೂ ಆಗಿ, ಕಾಳು ಸೊಪ್ಪು ಎರಡೂ ಹೊಟ್ಟೆಗೆ ಸೇರುವ ಇಂತಹ ಅಡುಗೆ ಇರುವಾಗ ವೀಗನ್ ಊಟಕ್ಕೆಂದು ಬೇರೆಡೆ ಹುಡುಕುವ ಅಗತ್ಯವೇ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಐದು ಜನರಿಗೆ ನಾನು ಒಂದು ಲೋಟ, ಅಂದರೆ ಸುಮಾರು 200 ಗ್ರಾಂ, ಅಲಸಂದೆ ಅಥವಾ ಹೆಸರುಕಾಳನ್ನು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ನೆನೆಹಾಕುತ್ತೇನೆ. ಸಂಜೆ ಅದನ್ನು ಏಳು ಲೋಟ ನೀರಿನೊಂದಿಗೆ ತೆರೆದ ಪಾತ್ರೆಯಲ್ಲೇ ಬೇಯಲು ಇಡುತ್ತೇನೆ. ಕುಕ್ಕರಿನಲ್ಲಿ ಕಾಳು ಒಡೆದು ಕಟ್ಟು ರಾಡಿಯಾಗುತ್ತದೆ, ಪಲ್ಯವೂ ಮುದ್ದೆಯಾಗುತ್ತದೆ. ನೆನೆದ ಕಾಳು ಹೇಗೂ ಬೇಗ ಬೇಯುವುದರಿಂದ ಕುಕ್ಕರಿನಿಂದ ಉಳಿಯುವ ಹೊತ್ತು ಅಷ್ಟೇನೂ ದೊಡ್ಡದಲ್ಲ. ಕಾಳು ಮುಕ್ಕಾಲು ಬೆಂದಾಗ ಹೆಚ್ಚಿದ ಎರಡು ಕಟ್ಟು ದಂಟಿನ ಸೊಪ್ಪು ಅಥವಾ ಹರಿವೆ ಸೊಪ್ಪು, ಅದರೊಂದಿಗೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು, ತಕ್ಕಷ್ಟು ಉಪ್ಪು ಹಾಕಿ, ಮುಚ್ಚಳ ಮುಚ್ಚದೆ ಏಳೆಂಟು ನಿಮಿಷ ಬೇಯಿಸಿ ಬಸಿಯುತ್ತೇನೆ. ಮುಚ್ಚಿದರೆ ಸೊಪ್ಪಿನ ಹಸಿರು ಮಾಸಿ ಪಲ್ಯ ನೋಡಲು ಚೆನ್ನಾಗಿರುವುದಿಲ್ಲ, ನೋಡಲು ಚೆನ್ನಾಗಿಲ್ಲದ್ದನ್ನು ಮಗ ಮುಟ್ಟುವುದೂ ಇಲ್ಲ.

ಕಾಳು ಬೇಯುವ ಹೊತ್ತಿಗೇ ಮಸಾಲೆ ಸಿದ್ಧವಾಗಬೇಕು. ಒಂದು ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಕರಿಬೇವು ಇವನ್ನು ಬಾಡಿಸಿ, ಮೂರು ಚಮಚ ಸಾರಿನ ಪುಡಿ, ಅರ್ಧ ಬಟ್ಟಲು ತೆಂಗಿನತುರಿ, ನಿಂಬೆ ಗಾತ್ರದ ಹುಣಸೆಹಣ್ಣು ಸೇರಿಸಿ ರುಬ್ಬುತ್ತೇನೆ. ಇಲ್ಲಿ ಮುಖ್ಯವಾದ ಅಂಶವೊಂದಿದೆ: ಬಸಿದ ಕಾಳು ಸೊಪ್ಪಿನಿಂದ ಒಂದು ಹಿಡಿಯನ್ನು ತೆಗೆದು ಮಸಾಲೆಯೊಂದಿಗೆ ನುಣ್ಣಗೆ ರುಬ್ಬಬೇಕು. ಸಾರಿಗೆ ಮೈ ಬರುವುದು ಇದರಿಂದ. ತುಪ್ಪ ಹಾಕಿದಾಗ ಬರುವ ನಯ ಬೇಕಾದವರಿಗೆ ಆ ನಯವನ್ನು ಕೊಡುವುದೂ ಇದೇ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಸಾರು ಮುಗಿಯಿತು. ಉಳಿದ ಕಾಳು ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯ. ತೆಂಗಿನಕಾಯಿ ದುಬಾರಿಯಾದಾಗ ಕಾಯಿಯನ್ನು ಅರ್ಧಕ್ಕಿಳಿಸಿ ಒಂದು ಚಮಚ ಹುರಿಗಡಲೆ ಸೇರಿಸಿ ರುಬ್ಬುವುದೂ ಉಂಟು. ತಿಪಟೂರಿನವಳಾದ ನನಗೆ ಅದು ಅಷ್ಟಾಗಿ ಹಿಡಿಸದಿದ್ದರೂ ಸಾರಿನ ರುಚಿಗೆ ದೊಡ್ಡ ಕೊರತೆಯೇನೂ ಆಗುವುದಿಲ್ಲ.

ಮುದ್ದೆಗೆ ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರು. ನೀರಿಗೆ ಒಂದು ಚಮಚ ಹಿಟ್ಟನ್ನು ಕದಡಿ ಕುದಿ ಬಂದ ಮೇಲೆ, ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಟ್ಟು, ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಇನ್ನೆರಡು ನಿಮಿಷ ಮುಚ್ಚಿಟ್ಟು ಕಟ್ಟಬೇಕು. ಹಿಟ್ಟು ಒಳಗೆ ಬೆಂದಿದೆಯೋ ಇಲ್ಲವೋ ಎಂಬುದು ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ತಿಳಿಯುತ್ತದೆ.

ವಾರದ ಉಳಿದ ದಿನಗಳನ್ನು ನಾನು ಕಾಳಿನ ಲೆಕ್ಕದಲ್ಲಿ ನಡೆಸುತ್ತೇನೆ. ಬೆಳಿಗ್ಗೆ ಯಾವ ಕಾಳು ನೀರಿಗೆ ಬಿತ್ತೋ ಅದೇ ರಾತ್ರಿಯ ಊಟವನ್ನು ನಿರ್ಧರಿಸುತ್ತದೆ. ಹುರುಳಿಕಾಳು ಬೇಯಲು ಹೊತ್ತು ಹಿಡಿಯುವುದರಿಂದ ಅದನ್ನು ಶನಿವಾರಕ್ಕೆ ಮೀಸಲಿಡುತ್ತೇನೆ. ಮೊಳಕೆ ಕಟ್ಟಿದ ಹುರುಳಿಯಾದರೆ ಇನ್ನೂ ಒಳ್ಳೆಯದು. ಕಾಳು ನೆನೆಹಾಕಲು ಮರೆಯುವಂತಹ ಗಡಿಬಿಡಿಯ ದಿನಗಳಿಗೆ ತೊಗರಿಬೇಳೆಯ ಮಸ್ಸೊಪ್ಪು ಇದ್ದೇ ಇದೆ. ಮಗನಿಗಾಗಿ ಅಕ್ಕಿ ರೊಟ್ಟಿಯ ದಿನವೊಂದಿರುತ್ತದೆ: ಸಬ್ಬಸಿಗೆ, ನುಗ್ಗೆಸೊಪ್ಪು, ತುರಿದ ಕ್ಯಾರೆಟ್, ಈರುಳ್ಳಿ, ನೆನೆಸಿದ ಕಡಲೆಬೇಳೆ, ಕಾಯಿತುರಿ ಎಲ್ಲವನ್ನೂ ಹಿಟ್ಟಿನಲ್ಲಿ ಕಲಸಿ ತಟ್ಟಿ, ಕಡಲೆಕಾಯಿ ಚಟ್ನಿಯೊಂದಿಗೆ ಕೊಟ್ಟರೆ, ಪಲ್ಯದಲ್ಲಿ ಬದಿಗೆ ಸರಿಸುವ ಸೊಪ್ಪನ್ನು ಅವನು ಯಾವ ತಕರಾರೂ ಇಲ್ಲದೆ ತಿನ್ನುತ್ತಾನೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸೊಗಡಿನ ಅವರೆಕಾಯಿ ಸಿಗುವಷ್ಟು ಕಾಲ ನನಗೆ ಯೋಚನೆಯೇ ಇರುವುದಿಲ್ಲ. ಹಿಂದಿನ ರಾತ್ರಿ ಸುಲಿದ ಕಾಳನ್ನು ನೀರಿನಲ್ಲಿಟ್ಟರೆ, ಬೆಳಿಗ್ಗೆ ಅತ್ತೆಯವರೂ ಮಗಳೂ ಎದುರುಬದುರು ಕೂತು ಹಿತುಕಿ ಬೇಳೆ ತೆಗೆದಿಡುತ್ತಾರೆ.

ಕಷ್ಟವೆನಿಸಿದ್ದು ಊಟದ ಕೊನೆಯ ಭಾಗ. ಸಾರನ್ನ ಉಂಡ ಮೇಲೆ ಹುಳಿಯಾದ, ತಂಪಾದ ಏನಾದರೊಂದು ಬೇಕೆನ್ನಿಸುವುದು ನಮ್ಮ ನಾಲಿಗೆಗೆ ಅಂಟಿದ ಅಭ್ಯಾಸ. ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಪಕ್ಕದ ಮನೆಯ ಶಿರಸಿಯವರಿಂದ. ಅವರು ಮಾಡುವ ಅಪ್ಪೆಹುಳಿಯಲ್ಲಿ ಹಾಲಿನ ಸೋಂಕೇ ಇಲ್ಲ. ಹುಳಿ ಮಾವಿನಕಾಯಿಯನ್ನು ಇಡಿಯಾಗಿ ಬೇಯಿಸಿ, ತಿರುಳನ್ನು ಕಿವುಚಿ, ಸಾಕಷ್ಟು ನೀರು ಬೆರೆಸಿ ತೆಳ್ಳಗೆ ಮಾಡಿ, ಉಪ್ಪು, ಚೂರು ಬೆಲ್ಲ ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಸೀಳಿದ ಹಸಿಮೆಣಸು, ಧಾರಾಳವಾಗಿ ಇಂಗು ಹಾಕಿ ಒಗ್ಗರಣೆ ಕೊಡುತ್ತಾರೆ. ಅನ್ನಕ್ಕೂ ಕಲಸಬಹುದು, ಲೋಟದಲ್ಲಿ ಕುಡಿಯಲೂಬಹುದು. ಮಾವಿನಕಾಯಿ ಇಲ್ಲದ ಕಾಲದಲ್ಲಿ ನಿಂಬೆಹಣ್ಣಿನಿಂದ ಮಾಡುತ್ತೇನೆ. ಪುನರ್ಪುಳಿ ಸಿಪ್ಪೆ ನೆನೆಸಿ ಮಾಡುವ ಸಾರು ಕೂಡ ಇದೇ ಸ್ಥಾನವನ್ನು ತುಂಬುತ್ತದೆ. ಈಗ ಬೇಸಗೆಯಲ್ಲಿ ಅತ್ತೆಯವರೇ ಮಜ್ಜಿಗೆಗಿಂತ ಮೊದಲು ಅಪ್ಪೆಹುಳಿಯನ್ನು ಕೇಳುತ್ತಾರೆ.

ಆದರೂ ಮಗಳಿಗೆ ಮೊಸರನ್ನದ ಆಸೆ ಹೋಗಿರಲಿಲ್ಲ. ಅಂಗಡಿಯಲ್ಲಿ ಸಿಗುವ ವೀಗನ್ ಮೊಸರು ದಿನಬಳಕೆಗೆ ದುಬಾರಿ. ಆದ್ದರಿಂದ ಕಡಲೆಕಾಯಿ ಬೀಜದ ಮೊಸರನ್ನು ಮನೆಯಲ್ಲೇ ಹೆಪ್ಪುಹಾಕುತ್ತೇನೆ. ಒಂದು ಲೋಟ ಹಸಿ ಬೀಜವನ್ನು ಏಳೆಂಟು ಗಂಟೆ ನೆನೆಸಿ, ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಪೂರ್ತಿ ತೆಗೆಯಬೇಕು. ಸಿಪ್ಪೆ ಉಳಿದರೆ ಬಣ್ಣವೂ ಕೆಡುತ್ತದೆ, ಒಗರೂ ಉಳಿಯುತ್ತದೆ. ಮೂರು ಲೋಟ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಬೆಣ್ಣೆಯಷ್ಟು ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ ಹಿಂಡಿ, ಬಂದ ಹಾಲನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಕಾಯಿಸಬೇಕು, ಏಕೆಂದರೆ ಅದು ಹಸುವಿನ ಹಾಲಿಗಿಂತ ಬೇಗ ತಳ ಹಿಡಿಯುತ್ತದೆ. ಒಂದೆರಡು ಕುದಿ ಬಂದ ಮೇಲೆ ಇಳಿಸಿ, ನೊರೆ ತೆಗೆದು, ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು ಆರಿದಾಗ ಐದಾರು ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಬೆಚ್ಚಗಿನ ಜಾಗದಲ್ಲಿ ಮುಚ್ಚಿಡುತ್ತೇನೆ. ರಾತ್ರಿ ಇಟ್ಟರೆ ಬೆಳಿಗ್ಗೆಗೆ ಹೆಪ್ಪುಗೊಂಡಿರುತ್ತದೆ. ಮೊದಲ ಸಲದ ಮೊಸರು ತೆಳ್ಳಗೆ, ಸಪ್ಪೆಯಾಗಿರುವುದು ಸಹಜ. ಅದರದ್ದೇ ಒಂದು ಚಮಚವನ್ನು ಹೆಪ್ಪಾಗಿ ಬಳಸಿದ ಮುಂದಿನ ಸಲದ್ದು ಗಟ್ಟಿಯಾಗಿ ಹುಳಿಯಾಗುತ್ತದೆ. ಮೆತ್ತಗೆ ಮಾಡಿದ ಅನ್ನ ಚೆನ್ನಾಗಿ ಆರಿದ ಮೇಲೆ ಈ ಮೊಸರನ್ನು ಕಲಸಿ, ಶುಂಠಿ, ಹಸಿಮೆಣಸು, ಕೊತ್ತಂಬರಿ, ಸಾಸಿವೆ ಒಗ್ಗರಣೆ ಹಾಕಿ, ಕೊನೆಗೆ ನಾಲ್ಕು ಹನಿ ನಿಂಬೆರಸ ಹಿಂಡುತ್ತೇನೆ. ಸೋಸಿ ಉಳಿದ ಚರಟವನ್ನು ಎಸೆಯದೆ ರೊಟ್ಟಿ ಹಿಟ್ಟಿಗೆ ಕಲಸಿದರೆ ರೊಟ್ಟಿ ಮೆತ್ತಗಾಗುತ್ತದೆ. ಮಜ್ಜಿಗೆ ಹುಳಿಯನ್ನು ಮಾತ್ರ ಈ ಮೊಸರಿನಲ್ಲಿ ಮಾಡಲು ನಾನು ಹೋಗುವುದಿಲ್ಲ. ಮಜ್ಜಿಗೆಯೇ ಜೀವಾಳವಾದ ಅಡುಗೆಯನ್ನು ಬೇರೊಂದರಿಂದ ಅನುಕರಿಸುವುದಕ್ಕಿಂತ ಮಗಳಿಲ್ಲದ ಮಧ್ಯಾಹ್ನ ಅದನ್ನು ಅದರ ಪಾಡಿಗೆ ಸರಿಯಾಗಿ ಮಾಡುವುದೇ ಮೇಲು.

ಪೋಷಣೆಯ ವಿಷಯದಲ್ಲಿ ಅತ್ತೆಯವರ ಕಳವಳವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ಹೊರತಂದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುವುದರಿಂದ, 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಿಂದ 280ರಷ್ಟು ಬರುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ. ಆದ್ದರಿಂದ ಊಟದ ಜೊತೆಗೆ ಎಳ್ಳು ಅಥವಾ ಹುಚ್ಚೆಳ್ಳಿನ ಚಟ್ನಿಪುಡಿ ಯಾವಾಗಲೂ ಇರುತ್ತದೆ, ಸೊಪ್ಪಿನಲ್ಲಿ ನುಗ್ಗೆ ಮತ್ತು ಮೆಂತ್ಯಕ್ಕೆ ಮೊದಲ ಆದ್ಯತೆ ಕೊಡುತ್ತೇನೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಅದರಲ್ಲಿರುವ ಕ್ಯಾಲ್ಸಿಯಂ ದೇಹಕ್ಕೆ ದಕ್ಕುವುದು ಬಹಳ ಕಡಿಮೆ. ರುಚಿಗೆ ಮಾಡುತ್ತೇನೆಯೇ ಹೊರತು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಳು ಸೊಪ್ಪಿನ ಕಬ್ಬಿಣಾಂಶ ಚೆನ್ನಾಗಿ ದಕ್ಕಲೆಂದು ಪಲ್ಯದ ಮೇಲೆ ನಿಂಬೆರಸ ಹಿಂಡುವುದನ್ನೂ, ಊಟವಾದ ಕೂಡಲೇ ಟೀ ಕುಡಿಯದಿರುವುದನ್ನೂ ಎಲ್ಲರೂ ರೂಢಿಸಿಕೊಂಡಿದ್ದೇವೆ.

ಅಡುಗೆಯಿಂದ ಪರಿಹಾರವಾಗದ ಒಂದೇ ಒಂದು ವಿಷಯ ವಿಟಮಿನ್ ಬಿ12. ಸಸ್ಯಜನ್ಯ ಆಹಾರದಲ್ಲಿ ಅದು ನಂಬಬಹುದಾದ ಪ್ರಮಾಣದಲ್ಲಿ ಇಲ್ಲ. ಹುದುಗಿಸಿದ ಹಿಟ್ಟಿನಿಂದಲೋ ಮೊಳಕೆಕಾಳಿನಿಂದಲೋ ಅದು ಸಿಗುತ್ತದೆಂಬ ಮಾತನ್ನು ದಯವಿಟ್ಟು ಯಾರೂ ನಂಬಬಾರದು. ಮಗಳು ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಳ್ಳುತ್ತಾಳೆ, ಆಗಾಗ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾಳೆ. ಹಾಲು ಮೊಸರು ತಿನ್ನುವ ಸಸ್ಯಾಹಾರಿಗಳಲ್ಲೂ ಇದರ ಕೊರತೆ ನಮ್ಮ ದೇಶದಲ್ಲಿ ಸಾಮಾನ್ಯವಾದ್ದರಿಂದ ಅತ್ತೆಯವರಿಗೂ ಅದೇ ಪರೀಕ್ಷೆ ಮಾಡಿಸಿದೆವು.

ಅಂಗಡಿಯಿಂದ ತರುವ ಪದಾರ್ಥಗಳಲ್ಲಿ ಬ್ರೆಡ್ಡು, ಬಿಸ್ಕತ್ತು, ಸಿದ್ಧ ಮಿಶ್ರಣಗಳ ಪೊಟ್ಟಣವನ್ನು ತಿರುಗಿಸಿ ಹಾಲಿನ ಪುಡಿಯ ಹೆಸರಿದೆಯೇ ಎಂದು ಓದಬೇಕು. ವೀಗನ್ ಆಹಾರಕ್ಕೆಂದೇ 2022ರಲ್ಲಿ ನಿಯಮಗಳು ಬಂದ ಮೇಲೆ ಕೆಲವು ಪೊಟ್ಟಣಗಳ ಮೇಲೆ ಹಸಿರು ಗುರುತು ಪ್ರತ್ಯೇಕವಾಗಿ ಕಾಣುತ್ತದೆ; ಸಸ್ಯಾಹಾರದ ಹಸಿರು ಚುಕ್ಕೆಯೇ ಬೇರೆ, ಇದೇ ಬೇರೆ. ಆದರೆ ನಮ್ಮ ರಾತ್ರಿಯೂಟದಲ್ಲಿ ಪೊಟ್ಟಣದ ಪಾತ್ರವೇ ಕಡಿಮೆ.

ಹಬ್ಬದ ರಾತ್ರಿಗಳಲ್ಲಿಯೂ ಈ ಕ್ರಮ ಬದಲಾಗಿಲ್ಲ. ಒಬ್ಬಟ್ಟಿನ ಕಣಕಕ್ಕೆ ಎಣ್ಣೆಯನ್ನೇ ಹಾಕಿ ನೆನೆಯಿಸುತ್ತೇವೆ, ಬೇಯಿಸುವಾಗಲೂ ಎಣ್ಣೆಯನ್ನೇ ಬಳಸುತ್ತೇವೆ. ಬೇಳೆಯ ಕಟ್ಟಿನಿಂದ ಆಗುವ ಒಬ್ಬಟ್ಟಿನ ಸಾರಿಗೆ ಹಾಲಿನ ಗೊಡವೆಯೇ ಇಲ್ಲ. ಕಾಯಿಹಾಲನ್ನು ಮಾತ್ರ ಬಡಿಸುವ ಹೊತ್ತಿಗೆ ಹೊಸದಾಗಿ ಹಿಂಡಿ, ಬೆಲ್ಲ, ಏಲಕ್ಕಿ ಹಾಕಿ, ಕುದಿಸದೆ ಬೆಚ್ಚಗೆ ಮಾಡುತ್ತೇನೆ, ಏಕೆಂದರೆ ಕುದಿಸಿದರೆ ಅದು ಒಡೆಯುತ್ತದೆ. ಯಜಮಾನರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ, ಉಳಿದ ನಾಲ್ವರೂ ಕಾಯಿಹಾಲು ಹಾಕಿಸಿಕೊಳ್ಳುತ್ತೇವೆ.