ನಮ್ಮ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಚೀನೀ ಔಷಧಿಗೆ ಎಷ್ಟು ಜಾಗ

ಸಿಂಗಪುರದ ನಮ್ಮ ಮನೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಚೀನೀ ಔಷಧಿಗಳನ್ನು ಸೇರಿಸುವಾಗ ನಾನು ಮಾಡಿಕೊಂಡ ಮೊದಲ ನಿಯಮ, ಬಿಡಿ ಬೇರು ತೊಗಟೆಗಳು ಬೇಡ ಎಂಬುದು. ಬಡಾವಣೆಯ ಔಷಧಿ ಅಂಗಡಿಗೆ ಹೋದರೆ ನಮ್ಮೂರಿನ ಗ್ರಂಧಿಗೆ ಅಂಗಡಿಯನ್ನು ಹೊಕ್ಕಂತೆ ಆಸೆಯಾಗುತ್ತದೆ, ನಿಜ. ಆದರೆ ಕಷಾಯ ಕುದಿಸುತ್ತ ಕೂರುವಷ್ಟು ಸಮಯವಿದ್ದರೆ ಅದು ತುರ್ತು ಸ್ಥಿತಿಯೇ ಅಲ್ಲ. ಇನ್ನೊಂದು ಕಾರಣ ಬೆಲ್ಜಿಯಂನದು. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸುವ ಔಷಧಿಯಲ್ಲಿ ‘ಫಾಂಗ್‌ಜಿ’ ಎಂಬ ಬೇರಿನ ಬದಲು ಅದೇ ಬಗೆಯ ಹೆಸರಿನ ಬೇರೊಂದು ಬೇರು ಸೇರಿ, ಹಲವರ ಮೂತ್ರಪಿಂಡಗಳೇ ಹಾಳಾದವು. ಅಂಗೈಯಲ್ಲಿಟ್ಟ ಒಣ ಚೂರುಗಳನ್ನು ನೋಡಿ ಇದು ಇಂಥದ್ದೇ ಎಂದು ಹೇಳುವ ವಿದ್ಯೆ ನನ್ನದಲ್ಲ. ಹಾಗಾಗಿ ಮೊಹರು ಮಾಡಿದ, ಒಳಗೆ ಏನಿದೆ ಎಂದು ಬರೆದಿರುವ ಪೊಟ್ಟಣಗಳನ್ನಷ್ಟೇ ಕೊಳ್ಳುತ್ತೇನೆ.

ಹೆಚ್ಚು ಯೋಚಿಸಿದ್ದು ಯುನ್ನಾನ್ ಬೈಯಾವ್ ಬಗ್ಗೆ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ 1902ರಲ್ಲಿ ಹುಟ್ಟಿದ, ರಕ್ತ ನಿಲ್ಲಿಸುವುದಕ್ಕೆ ಹೆಸರಾದ ಪುಡಿ ಅದು. ಇದರ ಪೂರ್ಣ ಸೂತ್ರವನ್ನು ಚೀನಾ ಇಂದಿಗೂ ರಾಷ್ಟ್ರ ರಹಸ್ಯವಾಗಿ ಕಾಯುತ್ತದೆ. ಆದರೆ ಅದರಲ್ಲಿ ನಮ್ಮ ವತ್ಸನಾಭಿ ಎಂಬ ವಿಷಮೂಲಿಕೆಯ ಕುಲದ ಬೇರೊಂದಿದೆ ಎಂಬುದು ಹೊರಬಿದ್ದಿದೆ. ನಮ್ಮ ವೈದ್ಯರು ಶುದ್ಧಿ ಮಾಡದೆ ವತ್ಸನಾಭಿಯನ್ನು ಮುಟ್ಟದಂತೆ ಚೀನೀಯರೂ ಅದನ್ನು ಸಂಸ್ಕರಿಸಿಯೇ ಬಳಸುತ್ತಾರೆ. ಆದರೂ ಅಂಥ ಪುಡಿಯನ್ನು ಅಂದಾಜಿನ ಮೇಲೆ ನುಂಗಿಸಲು ನನಗೆ ಮನಸ್ಸಿಲ್ಲ. ಗರ್ಭಿಣಿಯರಿಗಂತೂ ಅದು ನಿಷಿದ್ಧ. ಸೀಸೆಯಲ್ಲಿ ಪುಡಿಯ ಜೊತೆಗೆ ಒಂದು ಪುಟ್ಟ ಕೆಂಪು ಗುಳಿಗೆ ಇರುತ್ತದೆ, ಭಾರೀ ಗಾಯವಾದರೆ ನುಂಗಲು. ಭಾರೀ ಗಾಯವಾದರೆ ನಾನು ಗಾಯವನ್ನು ಒತ್ತಿ ಹಿಡಿದು ಇಲ್ಲಿನ ಆಂಬುಲೆನ್ಸ್ ಸಂಖ್ಯೆ 995ಕ್ಕೆ ಕರೆ ಮಾಡುತ್ತೇನೆ, ಗುಳಿಗೆ ಹುಡುಕುವುದಿಲ್ಲ. ಹೀಗಾಗಿ ಪೆಟ್ಟಿಗೆಯಲ್ಲಿರುವುದು ಇದೇ ಔಷಧಿ ಸವರಿದ ಅಂಟುಪಟ್ಟಿ ಮಾತ್ರ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ನಲ್ಲಿ ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ, ರಕ್ತ ನಿಂತ ಮೇಲೆ ಅದನ್ನು ಹಚ್ಚುತ್ತೇನೆ.

ಹೊಟ್ಟೆಗೆ ಹುವೋಶಿಯಾಂಗ್ ಝೆಂಗ್‌ಛಿ ಇದೆ. ಸೋಂಗ್ ರಾಜವಂಶದ ಕಾಲದ ಸರ್ಕಾರಿ ಔಷಧ ಸಂಗ್ರಹದಲ್ಲೇ ದಾಖಲಾದ ಹಳೆಯ ಪಾಕ. ಮುಖ್ಯ ಮೂಲಿಕೆ ಪಚೌಲಿ, ನಮ್ಮ ಹೂಮಾಲೆಯ ಪಚ್ಚೆತೆನೆಯ ಬಳಗ. ಸೆಕೆಯಲ್ಲಿ ಹೊಟ್ಟೆ ತೊಳಸಿದಾಗ, ಭಾರವಾದ ಊಟದ ಮರುದಿನ, ನನಗೆ ಹಿತ ಕೊಟ್ಟಿದೆ. ದ್ರವರೂಪದ ಒಂದು ಬಗೆಯಲ್ಲಿ ಮದ್ಯಸಾರ ಬಹಳ ಹೆಚ್ಚು. ಮೆಟ್ರೊನಿಡಜೋಲ್‌ನಂಥ, ಸೋಂಕಿಗೆ ಕೊಡುವ ಮಾತ್ರೆಗಳ ಜೊತೆ ಅದು ಅಪಾಯ. ಅದಕ್ಕೇ ಗುಳಿಗೆಯನ್ನು ಆರಿಸಿಕೊಂಡೆ. ಭೇದಿಯಾದರೆ ಮೊದಲ ಸ್ಥಾನ ಓಆರ್‌ಎಸ್ ಪೊಟ್ಟಣಕ್ಕೆ.

ಟೈಗರ್ ಬಾಮ್ ಇಲ್ಲಿನ ಮನೆಮಾತು. ರಂಗೂನಿನ ಚೀನೀ ವೈದ್ಯರೊಬ್ಬರ ಮಕ್ಕಳು 1920ರ ದಶಕದಲ್ಲಿ ಅದನ್ನು ಸಿಂಗಪುರಕ್ಕೆ ತಂದರು. ಸೊಳ್ಳೆ ಕಡಿತಕ್ಕೆ, ಕತ್ತಿನ ಬಿಗಿತಕ್ಕೆ ಹಚ್ಚುತ್ತೇನೆ. ಅದರಲ್ಲಿ ಕರ್ಪೂರವಿದೆ, ಸಣ್ಣ ಮಕ್ಕಳು ನುಂಗಿದರೆ ಫಿಟ್ಸ್ ಬರಬಹುದು. ಆದ್ದರಿಂದ ಡಬ್ಬಿ ಮೇಲಿನ ಅಟ್ಟದಲ್ಲೇ ಇರಬೇಕು, ಎರಡು ವರ್ಷದೊಳಗಿನ ಮಗುವಿಗೆ ಹಚ್ಚಲೂ ಬಾರದು. ಸುಟ್ಟ ಗಾಯಕ್ಕೆ ಬಾಮ್, ಎಣ್ಣೆ ಯಾವುದೂ ಬೇಡ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಅಷ್ಟೇ.

ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿದ್ದೇನೆ: ಮನೆಯಲ್ಲಿ ಯಾರು ಯಾವ ಮಾತ್ರೆ ನುಂಗುತ್ತಿದ್ದಾರೆ, ಯಾರಿಗೆ ಯಾವುದು ಒಗ್ಗುವುದಿಲ್ಲ. ಧಾರವಾಡದಿಂದ ಅತ್ತೆಯವರು ಬಂದಾಗ ಅದು ಬದಲಾಗುತ್ತದೆ. ಅವರು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಪೆಟ್ಟಿಗೆಯಲ್ಲಿರುವ ಇನ್ನೊಂದು ಸೀಸೆ, ನೋವಿಗೆ ಹಚ್ಚುವ ಪೆನಾಂಗ್ ಮೂಲದ ‘ಬಿಳಿ ಹೂವಿನ ಎಣ್ಣೆ’ಯಲ್ಲಿ (ವೈಟ್ ಫ್ಲವರ್ ಆಯಿಲ್) ಮೀಥೈಲ್ ಸ್ಯಾಲಿಸಿಲೇಟ್ ಎಂಬ ನೋವುನಿವಾರಕ ಇದೆ. ಚರ್ಮದ ಮೂಲಕ ಒಳಸೇರಿ ವಾರ್ಫರಿನ್ನಿನ ಪರಿಣಾಮವನ್ನು ಹೆಚ್ಚಿಸಬಲ್ಲದು. ಅವರು ಇರುವಷ್ಟು ಕಾಲ ಆ ಸೀಸೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ಮೊಣಕಾಲು ನೋವೆಂದರೆ ಬಿಸಿನೀರಿನ ಚೀಲ ಕೊಡುತ್ತೇನೆ. ಅವರಿಗೂ ಅದೇ ಇಷ್ಟ.